ವೈದ್ಯ-ರೋಗಿ ಸಂಬಂಧದ ಇತಿಹಾಸ ಹೇಳುವ ಆನ್‌ಲೈನ್ ಕೋರ್ಸ್: ಐದಕ್ಕೆ ನಾಲ್ಕು ಸ್ಟಾರ್

ಆರು ಪಾಠ, ಒಂದೇ ವಾರದಲ್ಲಿ ಮುಗಿಸಿದೆ. ಪ್ರಾಚೀನ ಗ್ರೀಸ್‌ನ ವೈದ್ಯರ ಹಿಪ್ಪೊಕ್ರೆಟಿಸ್ ಪ್ರತಿಜ್ಞೆಯಲ್ಲಿ ರೋಗಿಯ ಗುಟ್ಟು ಕಾಪಾಡುವ ಮಾತಿದೆ, ಆದರೆ ಒಪ್ಪಿಗೆ ಕೇಳುವ ಮಾತೇ ಇಲ್ಲ ಅಂತ ಗೊತ್ತಾಗಿದ್ದು ಇಲ್ಲೇ. 1803ರಲ್ಲಿ ವೈದ್ಯಕೀಯ ನೀತಿಯ ಪುಸ್ತಕ ಬರೆದ ಇಂಗ್ಲಿಷ್ ವೈದ್ಯ ಥಾಮಸ್ ಪರ್ಸಿವಲ್ ಕುರಿತ ಪಾಠವನ್ನು ಸ್ವಲ್ಪ ಎಳೆದಿದ್ದಾರೆ. ಮನಸ್ಸಿಗೆ ನಾಟಿದ್ದು ನಾಲ್ಕನೆಯದು: 1961ರಲ್ಲಿ ಅಮೆರಿಕದಲ್ಲಿ ಒಂದು ಸಮೀಕ್ಷೆ ನಡೆಸಿದಾಗ ಸುಮಾರು 90% ವೈದ್ಯರು ಕ್ಯಾನ್ಸರ್ ವಿಷಯ ರೋಗಿಗೆ ಹೇಳದಿರುವುದೇ ಒಳ್ಳೆಯದು ಅಂದಿದ್ದರು, 1979ರ ಹೊತ್ತಿಗೆ ಅದು ಪೂರ್ತಿ ತಿರುಗಿತ್ತು. ನಮ್ಮ ಅಜ್ಜಿಗೂ ಕೊನೆವರೆಗೆ ಯಾರೂ ಹೇಳಲಿಲ್ಲ. "ನನಗೇನಾಗಿದೆ?" ಅಂತ ಅವರು ಕೇಳುತ್ತಿದ್ದುದು, ನಾವು ಸುಮ್ನೆ ದಿಂಬು ಸರಿಮಾಡುತ್ತಿದ್ದುದು ನೆನಪಾಗಿ ವಿಡಿಯೊ ನಿಲ್ಲಿಸಿ ಕೂತುಬಿಟ್ಟೆ. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಅಮೆರಿಕದ ಟಸ್ಕೀಗಿಯಲ್ಲಿ ಸರ್ಕಾರಿ ವೈದ್ಯರು ನಡೆಸಿದ ಅಧ್ಯಯನದ ಪಾಠಕ್ಕೆ. ಸಿಫಿಲಿಸ್ ಇದ್ದ ನೂರಾರು ಕಪ್ಪು ಗಂಡಸರಿಗೆ ಸತ್ಯ ಹೇಳದೆ, ಪೆನಿಸಿಲಿನ್ ಬಂದ ಮೇಲೂ ಚಿಕಿತ್ಸೆ ಕೊಡದೆ 1932ರಿಂದ 1972ರವರೆಗೆ ನೋಡುತ್ತಾ ಕೂತಿದ್ದಕ್ಕೆ ಹತ್ತೇ ನಿಮಿಷ ಸಾಲದು, ಅಲ್ವಾ?