ಬ್ಲೂಮಿಂಗ್ಟನ್ನಿನ ಉಚಿತ ಆಪೆರಾ ನೇರಪ್ರಸಾರ: ಒಂದು ವಿಮರ್ಶೆ

ಅಮೆರಿಕದ ಬ್ಲೂಮಿಂಗ್ಟನ್ ನಗರದಲ್ಲಿರುವ, ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸೇರಿದ ಜೇಕಬ್ಸ್ ಸಂಗೀತ ಶಾಲೆ ತನ್ನ ವಿದ್ಯಾರ್ಥಿಗಳು ಹಾಡುವ ಆಪೆರಾಗಳನ್ನು, ಅಂದರೆ ಹಾಡಿನಲ್ಲೇ ಕಥೆ ನಡೆಯುವ ಪಾಶ್ಚಾತ್ಯ ಸಂಗೀತ ನಾಟಕಗಳನ್ನು, 'ಐಯು ಮ್ಯೂಸಿಕ್ ಲೈವ್' ಎಂಬ ಸೇವೆಯ ಮೂಲಕ ಉಚಿತವಾಗಿ ನೇರಪ್ರಸಾರ ಮಾಡುತ್ತದೆ. ಹೆಸರಾಂತ ಆಪೆರಾ ಮನೆಗಳ ಪ್ರಸಾರಕ್ಕೆ ಹಣ ಕೊಟ್ಟು ಚಂದಾದಾರರಾಗುವ ಮೊದಲು ಕನ್ನಡದ ಸಂಗೀತಾಸಕ್ತರು, ಅದರಲ್ಲೂ ಹಾಡುಗಾರಿಕೆಯನ್ನು ಕಲಿಯುವವರು ಮತ್ತು ಕಲಿಸುವವರು, ಇದನ್ನು ಕೇಳಬೇಕೆಂಬುದು ನನ್ನ ಅಭಿಪ್ರಾಯ. ಪ್ರಸಿದ್ಧ ಗಾಯಕರ ಪ್ರದರ್ಶನದಲ್ಲಿ ಸಾಧನೆಯ ಫಲ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಇಲ್ಲಿಯಾದರೋ ಪಾಠ ಶಾರೀರದಲ್ಲಿ ಇಳಿಯುತ್ತಿರುವ ಹಂತವೇ ಕೇಳಿಸುತ್ತದೆ.

ಈ ಪ್ರಸಾರದ ಹಿಂದೆ ದೀರ್ಘವಾದ ಅಧ್ಯಾಪನದ ಇತಿಹಾಸವಿದೆ. 1947ರಲ್ಲಿ ಶಾಲೆಯ ಡೀನ್ ಆಗಿ ಬಂದ ವಿಲ್ಫ್ರೆಡ್ ಬೇನ್ ಮರುವರ್ಷವೇ ಇಲ್ಲಿ ಆಪೆರಾ ಪ್ರದರ್ಶನಗಳನ್ನು ಆರಂಭಿಸಿದರು. ಹಳೆಯ ರಂಗಮಂದಿರವಾದ ಈಸ್ಟ್ ಹಾಲ್ 1968ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ, ಸುಮಾರು 1,460 ಆಸನಗಳ ಮ್ಯೂಸಿಕಲ್ ಆರ್ಟ್ಸ್ ಸೆಂಟರ್ 1972ರಲ್ಲಿ ತೆರೆಯಿತು. ಪ್ರಸಾರದಲ್ಲಿ ನಾವು ನೋಡುವುದು ಇದೇ ರಂಗಮಂದಿರವನ್ನು. ರಂಗದ ಮೇಲೆ ಹಾಡುವವರಷ್ಟೇ ಅಲ್ಲ, ರಂಗದ ಮುಂದಿನ ತಗ್ಗಿನಲ್ಲಿ ಕುಳಿತು ನುಡಿಸುವ ವಾದ್ಯವೃಂದದವರೂ ವಿದ್ಯಾರ್ಥಿಗಳೇ. 1981ರಲ್ಲಿ ಇದೇ ಶಾಲೆಯವರು ಚೆಕ್ ಸಂಗೀತ ರಚನಕಾರ ಮಾರ್ಟಿನೂ ಅವರ 'ದಿ ಗ್ರೀಕ್ ಪ್ಯಾಶನ್' ಆಪೆರಾವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ರಂಗದ ಮೇಲೆ ಹಾಡಿದ್ದರು.

ಆದರೂ ಕಟ್ಟಡಕ್ಕಿಂತ ಗುರುಗಳೇ ಈ ಶಾಲೆಯ ನಿಜವಾದ ಆಸ್ತಿ. ರಂಗದ ಮೇಲೆ ಹೆಸರು ಮಾಡಿದ ಗಾಯಕರನ್ನು ಕರೆತಂದು, ಅವರ ಬಾಳಿನ ಉತ್ತರಾರ್ಧವನ್ನು ಪಾಠಕ್ಕೆ ಮೀಸಲಿಡುವಂತೆ ಮಾಡಿದ್ದೇ ಇದರ ವೈಶಿಷ್ಟ್ಯ. ಮೆಟ್ರೊಪಾಲಿಟನ್ನಿನಲ್ಲಿ ಜರ್ಮನ್ ಸಂಗೀತ ರಚನಕಾರ ವಾಗ್ನರನ ಆಪೆರಾಗಳ ಪಾತ್ರಗಳಿಗೆ ಹೆಸರಾಗಿದ್ದ ಮಾರ್ಗರೆಟ್ ಹಾರ್ಷಾ ಇಲ್ಲಿ ಮೂರು ದಶಕಗಳ ಕಾಲ ಕಲಿಸಿದರು. 1946ರಲ್ಲಿ ನ್ಯೂಯಾರ್ಕ್ ಸಿಟಿ ಆಪೆರಾದಲ್ಲಿ 'ಮದಾಮ ಬಟರ್‌ಫ್ಲೈ' ಹಾಡಿ ಆಫ್ರಿಕನ್ ಅಮೆರಿಕನ್ ಗಾಯಕಿಯರಿಗೆ ದಾರಿ ತೆರೆದ ಕಮಿಲಾ ವಿಲಿಯಮ್ಸ್ 1977ರಲ್ಲಿ ಇಲ್ಲಿಗೆ ಪ್ರಾಧ್ಯಾಪಕಿಯಾಗಿ ಬಂದರು.

ಇವರಲ್ಲಿ ನನ್ನ ಗೌರವ ಅತ್ಯಂತ ಹೆಚ್ಚಾಗಿ ಸಲ್ಲುವುದು ವರ್ಜೀನಿಯಾ ಜೆಯಾನಿ ಅವರಿಗೆ. 1925ರಲ್ಲಿ ರೊಮೇನಿಯಾದಲ್ಲಿ ಹುಟ್ಟಿದ ಅವರು ಮಿಲಾನಿನಲ್ಲಿ, ಇಟಲಿಯ ವಾದ್ಯವೃಂದ ನಿರ್ದೇಶಕ ಟೊಸ್ಕನಿನಿಯವರ ಮೆಚ್ಚಿನ ಗಾಯಕರಾಗಿದ್ದ ಔರೆಲಿಯಾನೊ ಪೆರ್ಟಿಲೆ ಅವರ ಶಿಷ್ಯೆಯಾದರು. 1948ರಲ್ಲಿ ಬೊಲೊನ್ಯದಲ್ಲಿ ಇಟಲಿಯ ಸಂಗೀತ ರಚನಕಾರ ವೆರ್ದಿಯ 'ಲಾ ಟ್ರಾವಿಯಾಟಾ'ದ ವಯೊಲೆಟ್ಟಾ ಪಾತ್ರದಿಂದ ರಂಗಪ್ರವೇಶ ಮಾಡಿ, ಆ ಒಂದು ಪಾತ್ರವನ್ನೇ ಆರುನೂರಕ್ಕೂ ಹೆಚ್ಚು ಬಾರಿ ಹಾಡಿದರು. ಫ್ರೆಂಚ್ ಸಂಗೀತ ರಚನಕಾರ ಪೂಲಾಂಕ್ ರಚಿಸಿದ, ಕಾರ್ಮೆಲೈಟ್ ಪಂಥದ ಕ್ರೈಸ್ತ ಸನ್ಯಾಸಿನಿಯರ ಆಪೆರಾ 1957ರಲ್ಲಿ ಮಿಲಾನಿನ ಲಾ ಸ್ಕಾಲಾ ಆಪೆರಾ ಮನೆಯಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ನಾಯಕಿ ಬ್ಲಾಂಶ್ ಆಗಿದ್ದವರೂ ಅವರೇ. 1980ರಲ್ಲಿ ಪತಿ, ಬಾಸ್ (ಗಂಡಸರ ಅತಿ ಮಂದ್ರ ಕಂಠದ) ಗಾಯಕ ನಿಕೋಲಾ ರೊಸ್ಸಿ-ಲೆಮೆನಿ ಅವರೊಂದಿಗೆ ಬ್ಲೂಮಿಂಗ್ಟನ್ನಿಗೆ ಬಂದ ಜೆಯಾನಿ, ಎರಡು ದಶಕಗಳನ್ನು ಮೀರಿ ಅಲ್ಲಿ ಪಾಠ ಹೇಳಿದರು. ಸಿಲ್ವಿಯಾ ಮೆಕ್‌ನೇರ್, ವಿವಿಕಾ ಜೆನೋ, 2004ರಲ್ಲಿ 'ಐಡಾ' ಆಗಿ ಮೆಟ್ರೊಪಾಲಿಟನ್ ರಂಗವೇರಿದ ಆಂಜೆಲಾ ಬ್ರೌನ್ ಇವರೆಲ್ಲ ಜೆಯಾನಿಯವರ ಶಿಷ್ಯೆಯರು. ಲಾಟ್ವಿಯಾದ ಎಲಿನಾ ಗರಾಂಚಾ ಕೂಡ ಅವರಲ್ಲಿ ಪಾಠ ಪಡೆದವರು. ಈ ನಾಲ್ವರ ಶಾರೀರಗಳು ಒಂದನ್ನೊಂದು ಹೋಲುವುದೇ ಇಲ್ಲ. ಒಬ್ಬರದು ತಿಳಿಯಾದ ಲಘು ಸೊಪ್ರಾನೊ (ಹೆಂಗಸರ ಅತಿ ಎತ್ತರದ ಕಂಠ), ಇನ್ನೊಬ್ಬರದು ವೆರ್ದಿಗೆ ಒಪ್ಪುವ ತುಂಬುದನಿ, ಉಳಿದಿಬ್ಬರು ಪರಸ್ಪರ ದೂರವಿರುವ ಮೆಟ್ಸೊಗಳು (ಸೊಪ್ರಾನೊಗಿಂತ ತಗ್ಗಿನ ಹೆಣ್ಣುಕಂಠದವರು). ತನ್ನ ಕಂಠವನ್ನು ಶಿಷ್ಯರ ಮೇಲೆ ಹೇರದೆ, ಅವರವರ ಕಂಠವನ್ನು ಅವರವರಿಗೇ ಹುಡುಕಿಕೊಟ್ಟ ಗುರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೆಕ್‌ನೇರ್ ಮುಂದೆ ಅದೇ ಶಾಲೆಯಲ್ಲಿ ಅಧ್ಯಾಪಕಿಯಾದದ್ದನ್ನು ನೆನೆದರೆ, ಗುರುಪರಂಪರೆಯನ್ನು ಬಲ್ಲ ನಮಗೆ ಅದರ ಬೆಲೆ ಏನೆಂದು ಹೇಳಬೇಕಾಗಿಲ್ಲ. ಜೆಯಾನಿ 2023ರಲ್ಲಿ ತೀರಿಕೊಂಡರು.

ಇನ್ನು ಕೇಳುವ ಬಗೆಗೆ ಒಂದೆರಡು ಮಾತು. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಆಪೆರಾ ಗಾಯಕರ ವೈಬ್ರಾಟೊ ಮೊದಮೊದಲು ಶ್ರುತಿ ಅಲುಗಿದಂತೆ ಕೇಳಬಹುದು. ಗಮಕವನ್ನು ನಾವು ರಾಗಕ್ಕೆ ತಕ್ಕಂತೆ ಬೇಕೆಂದೇ ಹಾಡುತ್ತೇವೆ. ವೈಬ್ರಾಟೊ ಮಾತ್ರ ಸಡಿಲವಾದ ಗಂಟಲು ಮತ್ತು ಸಮತೋಲದ ಉಸಿರಿನಿಂದ ತಾನಾಗಿ ಮೂಡುವ, ಸೆಕೆಂಡಿಗೆ ಸುಮಾರು 5ರಿಂದ 7 ಬಾರಿ ತೂಗುವ ಏರಿಳಿತ. ವಿದ್ಯಾರ್ಥಿಯ ದನಿಯಲ್ಲಿ ಅದು ಸಮವಾಗಿದ್ದರೆ ಪಾಠ ಗಟ್ಟಿಯಾಗಿದೆಯೆಂದು ತಿಳಿಯಬಹುದು. ಅದು ಅತಿ ನಿಧಾನವಾಗಿದ್ದರೆ ಅಥವಾ ಅವಸರದ್ದಾಗಿದ್ದರೆ ಎಲ್ಲೋ ಒತ್ತಡವಿದೆ. ತಾರಸ್ಥಾಯಿಯ ತುದಿಯಲ್ಲಿ ಸೊಪ್ರಾನೊಗಳ ಸಾಹಿತ್ಯ ಅಸ್ಪಷ್ಟವಾಗುವುದನ್ನೂ ದೋಷವೆಂದು ಎಣಿಸಬಾರದು. ಆ ಎತ್ತರದಲ್ಲಿ ಬಾಯಿಯನ್ನು ಅಗಲವಾಗಿ ತೆರೆದು ಅನುರಣನವನ್ನು ಸ್ವರಕ್ಕೆ ಹೊಂದಿಸಬೇಕಾಗುವುದರಿಂದ ಅ, ಇ, ಉಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ.

ಪ್ರಸಾರ ಎಷ್ಟೇ ಉತ್ತಮವಾಗಿದ್ದರೂ ಒಂದು ಸಂಗತಿಯನ್ನು ಅದು ಕೊಡಲಾರದು. ಆಪೆರಾ ಗಾಯಕರು ಧ್ವನಿವರ್ಧಕವಿಲ್ಲದೆ ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುತ್ತಾರೆ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರಿ ವಿವರಿಸಿದಂತೆ, ಪಳಗಿದ ಗಾಯಕರು, ಮುಖ್ಯವಾಗಿ ಗಂಡುದನಿಯವರು, ವಾದ್ಯಗಳ ನಾದ ಕ್ಷೀಣವಾಗಿರುವ ಸುಮಾರು 3,000 ಹರ್ಟ್ಸ್ ಸುತ್ತ ತಮ್ಮ ಕಂಠದ ಶಕ್ತಿಯನ್ನು ಒಟ್ಟುಗೂಡಿಸುತ್ತಾರೆ. ಅಧ್ಯಾಪಕರು ವರ್ಷಗಟ್ಟಲೆ ತಿದ್ದುವುದು ಇದನ್ನೇ. ಮೈಕಿನ ಮೂಲಕ ಬಂದಾಗ ಸಣ್ಣ ದನಿಯೂ ದೊಡ್ಡ ದನಿಯೂ ಒಂದೇ ಅಳತೆಗೆ ಬಂದುಬಿಡುತ್ತವೆ. ಆದ್ದರಿಂದ ಯಾರ ದನಿ ದೊಡ್ಡದೆಂದು ಇಲ್ಲಿ ತೀರ್ಮಾನಿಸಲು ಹೋಗದೆ, ಉಸಿರಿನ ನಿಲುಗಡೆ, ಪದಗಳ ಉಚ್ಚಾರ, ಸ್ವರದಿಂದ ಸ್ವರಕ್ಕೆ ಜಾರದೆ ಸಾಗುವ ಎಳೆ ಇವುಗಳತ್ತ ಗಮನ ಕೊಡುವುದು ಒಳ್ಳೆಯದು. ಫೋನಿನ ಸ್ಪೀಕರಿನಲ್ಲಂತೂ ಕೇಳಲೇಬಾರದು, ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬಾಸ್ ಕಂಠ ಮಾಗುವುದು ಮೂವತ್ತರ ನಂತರ. ಹೀಗಾಗಿ ಯಾವ ವಿಶ್ವವಿದ್ಯಾಲಯದಲ್ಲಾದರೂ ಮೊಟ್ಸಾರ್ಟನ 'ದಿ ಮ್ಯಾಜಿಕ್ ಫ್ಲೂಟ್'ನಲ್ಲಿ ಬಾಸ್ ಹಾಡುವ ಸರಾಸ್ಟ್ರೋ ಪಾತ್ರದ ಮಂದ್ರಸ್ವರಗಳು ತೆಳುವಾಗಿ ಕೇಳಿದರೆ ಅದು ಎಳೆವಯಸ್ಸಿನ ಸಹಜ ಲಕ್ಷಣ. ಇಲ್ಲದ ಗಾಂಭೀರ್ಯವನ್ನು ಗಂಟಲೊತ್ತಿ ತರಿಸದಿರುವುದೇ ಒಳ್ಳೆಯ ಶಿಕ್ಷಣ.

ಸಂಜೆ 7.30ಕ್ಕೆ ಬ್ಲೂಮಿಂಗ್ಟನ್ನಿನಲ್ಲಿ ಆರಂಭವಾಗುವ ಪ್ರದರ್ಶನ ನಮಗೆ ಮರುದಿನ ಬೆಳಗಿನ 5 ಗಂಟೆಗೆ, ಅಲ್ಲಿಯ ಚಳಿಗಾಲದಲ್ಲಾದರೆ 6 ಗಂಟೆಗೆ, ಸಿಗುತ್ತದೆ. ಸಾಮಾನ್ಯವಾಗಿ ಒಂದೇ ಆಪೆರಾಕ್ಕೆ ಎರಡು ಗಾಯಕ ತಂಡಗಳಿರುತ್ತವೆ. ಸಾಧ್ಯವಾದರೆ ಎರಡನ್ನೂ ಕೇಳಿ; ಒಂದೇ ಹಾಡನ್ನು ಇಬ್ಬರು ಎಳೆಯರು ಎಲ್ಲೆಲ್ಲಿ ಉಸಿರು ತೆಗೆದುಕೊಂಡರೆಂದು ಗುರುತಿಸುವುದೇ ಹಾಡುಗಾರಿಕೆ ಕಲಿಸುವವರಿಗೆ ದೊಡ್ಡ ಅಭ್ಯಾಸ. ಹೊಸಬರು ಕಥೆಯನ್ನು ಮುಂಚಿತವಾಗಿ ಓದಿಕೊಂಡು, 'ಲಾ ಬೊಹೆಮ್' ಅಥವಾ 'ಲಾ ಟ್ರಾವಿಯಾಟಾ' ಇರುವ ವಾರವನ್ನು ಆರಿಸಿಕೊಳ್ಳುವುದು ಸೂಕ್ತ. ಮೊಟ್ಸಾರ್ಟನ ಮೂರು ಗಂಟೆಯ ಆಪೆರಾ 'ಫಿಗರೋ'ವನ್ನು ಕಿವಿ ಪಳಗಿದ ಮೇಲೆ ಕೇಳಬಹುದು.