ಹಳೆ ಫೈಬರ್ ದೋಣಿ: ಯಾರ ಹತ್ತಿರ ಪರೀಕ್ಷೆ ಮಾಡಿಸೋದು?

ಮಲ್ಪೆಯಲ್ಲಿ ನೋಡಿಟ್ಟ ದೋಣಿಯನ್ನು ಪರಿಚಯದ ಮೀನುಗಾರರಿಗೆ ತೋರಿಸಿದರೆ ಸಾಕಾ, ರಿಪೇರಿಯವರು ಬೇಕಾ, ಇಲ್ಲಾ ಸರ್ವೇಯರ್ (ದೋಣಿ ಪರೀಕ್ಷಿಸಿ ಲಿಖಿತ ವರದಿ ಕೊಡುವವರು) ಬೇಕಾ ಅಂತ ಕೇಳಿದ್ದೀರಿ.

ಖರ್ಚಿನಲ್ಲಿ ಮೀನುಗಾರರೇ ಹಗುರ, ಸರ್ವೇಯರ್ ಫೀಸು ಜಾಸ್ತಿ. ಮೀನುಗಾರರ ಕಣ್ಣು ನೀರಿನ ಮೇಲೆ ಚುರುಕು: ಅಲೆಗೆ ದೋಣಿ ಹೇಗೆ ಏಳುತ್ತದೆ, ಒಂದು ಕಡೆ ವಾಲುತ್ತದಾ ಅನ್ನೋದು ಒಂದು ಸುತ್ತು ಹೋಗಿ ಬಂದರೆ ಅವರಿಗೆ ಗೊತ್ತಾಗುತ್ತದೆ.

ಒಳಗೆ ಕೊಳೆತಿರೋದನ್ನು ಹುಡುಕೋಕೆ ಮಾತ್ರ ರಿಪೇರಿಯವರೇ ಬೇಕು. ಚಿಕ್ಕ ಸುತ್ತಿಗೆಯಲ್ಲಿ ಮೈಯೆಲ್ಲ ತಟ್ಟುತ್ತಾ ಹೋಗುತ್ತಾರೆ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಅಲ್ಲಿ ಪದರ ಬಿಟ್ಟಿರಬಹುದು. ಎಂಜಿನ್ ಕೂರಿಸುವ ಹಿಂಬದಿಯನ್ನು ಬಿಡಲೇಬೇಡಿ. ಅದರೊಳಗೆ ಪ್ಲೈವುಡ್ ಇದ್ದರೆ ಬೋಲ್ಟ್ ತೂತಿನಿಂದ ನೀರಿಳಿದು ಕೊಳೆತಿರಬಹುದು, ಮೇಲೆ ಹೊಸ ಪೇಂಟ್ ಬಳಿದರೆ ಏನೂ ಕಾಣಲ್ಲ. ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಗೇರ್ ಎಣ್ಣೆ ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ ಅಂತಲೇ ಅರ್ಥ.

ಸಾಲ, ವಿಮೆ ಬೇಕು ಅಂದರೆ ಬಾಯಿಮಾತು ನಡೆಯಲ್ಲ, ಸರ್ವೇಯರ್ ವರದಿ ಕೇಳಬಹುದು. ದೊಡ್ಡ ಬೋಟಿಗೆ ನಾನಂತೂ ಅದನ್ನೇ ಹೇಳುತ್ತೇನೆ, ಬೋಟಿನ ಬೆಲೆ ಮುಂದೆ ಆ ಫೀಸು ಸಣ್ಣದು. ಹೊಳೆಯಲ್ಲಿ ಓಡಿಸೋ ಚಿಕ್ಕ ದೋಣಿಗೆ ಮೀನುಗಾರರು, ಜೊತೆಗೊಬ್ಬ ಎಂಜಿನ್ ಮೆಕ್ಯಾನಿಕ್ ಸಾಕು. ಕಡಲಿಗಿಳಿಸೋ ಫೈಬರ್ ದೋಣಿಯಾದರೆ ರಿಪೇರಿಯವರನ್ನು ತಪ್ಪಿಸಬೇಡಿ.

ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ದೋಣಿ ದಡಕ್ಕೆ ಎಳೆದಿದ್ದರೆ ತಳ ನೋಡೋಕೆ ಒಳ್ಳೇ ಸಮಯ. ಆದರೆ ಆ ಮಳೆಗಾಲದ ಕಡಲಲ್ಲಿ ಓಡಿಸಿ ನೋಡೋಕೆ ಹೋಗಬೇಡಿ, ಆಗಸ್ಟ್‌ವರೆಗೆ ಮುಂಗಡ ಮಾತ್ರ ಕೊಟ್ಟಿರಿ.