ಜ್ವರಕ್ಕೆ ಗಂಜಿ ಕಳಿಸುವ ಮೆಸ್, ಸರಸ್ವತಿಪುರಂ

ಮೈಸೂರಿನ ಸರಸ್ವತಿಪುರಂನ ಅಡ್ಡರಸ್ತೆಯೊಂದರಲ್ಲಿರುವ ಈ ಮೆಸ್‌ಗೆ ಬೋರ್ಡ್ ಇಲ್ಲ. ಮನೆಯ ಮುಂದಿನ ರೂಮಿನಲ್ಲಿ ನಾಲ್ಕು ಟೇಬಲ್, ಅಷ್ಟೇ. ಮುದ್ದೆ ಊಟ ಚೆನ್ನಾಗಿರುತ್ತೆ. ಆದರೆ ನನಗೆ ಹೇಳಬೇಕಿರುವುದು ಅವರ ಗಂಜಿ ವಿಷಯ.

ಆಗಸ್ಟ್ ಮಳೆಗೆ ನಮ್ಮ ಹಾಸ್ಟೆಲ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಮಲಗಿದರು. ಒಂದು ರೂಮಿಗೆ ಮೂವರು. ಒಬ್ಬಳಿಗೆ ಶೀತ ಆದರೆ ಉಳಿದಿಬ್ಬರನ್ನು ಬಿಡಲ್ಲ. ನನಗೆ 102 ಡಿಗ್ರಿ ಜ್ವರ. ಅವತ್ತು ಹಾಸ್ಟೆಲ್‌ನಲ್ಲಿ ಪಲಾವ್, ವಾಸನೆಗೇ ಹೊಟ್ಟೆ ತೊಳಸಿತು. ಗೆಳತಿ ಇಲ್ಲಿಗೆ ಫೋನ್ ಮಾಡಿದಳು.

ಅರ್ಧ ಗಂಟೆಯಲ್ಲಿ ಮೆಸ್ ನಡೆಸುವ ಆಂಟಿಯ ಮಗ ಗೇಟ್ ಹತ್ತಿರ ಕ್ಯಾರಿಯರ್ ಕೊಟ್ಟು ಹೋದ. ಹಬೆಯಾಡುವ ಅಕ್ಕಿ ಗಂಜಿ, ಮೆಣಸಿನ ಸಾರು, ಸುಟ್ಟ ಹಪ್ಪಳ, ಒಂದೇ ಹೋಳು ಹೇರಳೆಕಾಯಿ ಉಪ್ಪಿನಕಾಯಿ. 50 ರೂಪಾಯಿ. ಎರಡು ದಿನದಿಂದ ಕಹಿಯಾಗಿದ್ದ ಬಾಯಿಗೆ ಆ ಸಾರು ಹಿಡಿಸಿತು.

ರಾತ್ರಿ ಆಂಟಿಯೇ ಫೋನ್ ಮಾಡಿದರು. "ಮೂತ್ರಕ್ಕೆ ಎಷ್ಟು ಸಲ ಹೋದೆಯಮ್ಮ?" ಬೆಳಗ್ಗೆಯಿಂದ ಒಂದೇ ಸಲ. ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಕೂಡಲೇ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) ಕಳಿಸಿದರು. ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಟ್ಟಿಗೇ ಹಾಕಬೇಕು, ಲೋಟಕ್ಕೆ ಅಂದಾಜಲ್ಲಿ ಉದುರಿಸಬಾರದು ಅಂದರು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡ, ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಭಯ ಅಂತಲೂ ಹೇಳಿದರು. 2024ರಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿತ್ತಲ್ವಾ, ಆ ವರ್ಷ ಅವರ ಮಗನೇ ಆಸ್ಪತ್ರೆ ಸೇರಿದ್ದನಂತೆ. ಮಾತ್ರೆ ವಿಷಯದಲ್ಲಿ ಮಾರನೇ ದಿನ ಡಾಕ್ಟರ್ ಹೇಳಿದ್ದೂ ಅದನ್ನೇ. ಡೆಂಗ್ಯೂ ಪತ್ತೆಗೆ ಎನ್‌ಎಸ್‌1 ಅನ್ನುವ ರಕ್ತದ ಟೆಸ್ಟ್ ಮಾಡಿಸಿದರು. ನನ್ನದು ನೆಗೆಟಿವ್, ಎದುರು ರೂಮಿನವಳದು ಪಾಸಿಟಿವ್.

ಅವಳಿಗೆ ಆರು ದಿನ ಇಲ್ಲಿಂದಲೇ ಗಂಜಿ ಬಂತು. ಐದನೇ ದಿನ ಜ್ವರ ಬಿಟ್ಟಿತು, ಕ್ಲಾಸಿಗೆ ಹೊರಟಳು. ಆಂಟಿ ಬಿಡಲಿಲ್ಲ. ಡೆಂಗ್ಯೂನಲ್ಲಿ ಜ್ವರ ಇಳಿದ ಮೇಲಿನ ಒಂದೆರಡು ದಿನವೇ ಹುಷಾರಾಗಿರಬೇಕು, ಹೊಟ್ಟೆನೋವು ಬಂದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ ಸೀದಾ ಆಸ್ಪತ್ರೆಗೆ ಹೋಗು ಅಂತ ಬೈದು ಮಲಗಿಸಿದರು. ಊರಿಂದ ಅಮ್ಮ ಬರುವುದರೊಳಗೆ ಹೀಗೆ ಬೈಯುವವರು ಒಬ್ಬರು ಬೇಕು.

ಕೊರತೆ ಅಂದರೆ ಭಾನುವಾರ ರಜ. ರಾತ್ರಿ ಎಂಟರ ಮೇಲೆ ಆರ್ಡರ್ ತಗೊಳಲ್ಲ. ಜ್ವರ ಏರುವುದು ಜಾಸ್ತಿ ಆಮೇಲೆಯೇ. ಸಾರಿನಲ್ಲಿ ಮೆಣಸು ಸ್ವಲ್ಪ ಮುಂದು, ಗಂಟಲು ಕೆರೆತ ಇದ್ದವರು ಮೊದಲೇ ಹೇಳಿಬಿಡಿ. ಕ್ಯಾರಿಯರ್ ವಾಪಸ್ ಕೊಡುವಾಗ ಬಿಸಿನೀರಲ್ಲಿ ತೊಳೆದು ಕೊಡಿ. ಅದೇ ಡಬ್ಬಿ ಸಂಜೆಗೆ ಇನ್ನೊಬ್ಬರ ರೂಮಿಗೆ ಹೋಗುತ್ತೆ.